ಮೊದಲು ‘ಯಾಕ್ ಬೇಕು?’ ಅಂತ ಕೇಳೋಣ

ನಮ್ಮ ಕಾಲೇಜಿನಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯವರು ಆರು ಮಂದಿ ಇದ್ದೀವಿ. ಮೂರೂ ಒಂದೇ ರಸ್ತೆ ಮೇಲಿನ ಊರು, ಹಂಗಾಗಿ ರಜೆಗೆ ಹೋಗೋದೂ ಒಂದೇ ಬಸ್ಸಿನಲ್ಲಿ. ಕಳೆದ ಸೆಮಿಸ್ಟರ್ ರಜೆಯಲ್ಲಿ ನಮ್ಮ ಪಾಲಿಗೆ ಒಂದು ಮುಧೋಳ ನಾಯಿ ಬಂತು. ಮಸ್ಕಿ ಹತ್ತಿರ ರಸ್ತೆ ಪಕ್ಕ ಬಿದ್ದಿತ್ತು. ಕೊರಳಲ್ಲಿ ಹಗ್ಗದ ತುಂಡು, ಹಿಂಗಾಲಿಗೆ ಹಳೇ ಗಾಯ. ಹೆಣ್ಣು, ಮೂರ್ನಾಲ್ಕು ವರ್ಷ ಇರಬಹುದು ಅಂದರು ಪಶು ಡಾಕ್ಟರು. ಬಣ್ಣ ನೋಡಿ ಕೆಂಪಿ ಅಂತ ಹೆಸರಿಟ್ಟೆವು. ಈಗ ಸಿಂಧನೂರಿನಲ್ಲಿ ನಮ್ಮೊಬ್ಬನ ಸೋದರಮಾವನ ಅಕ್ಕಿ ಗಿರಣಿಯ ಹಿಂದಿನ ಶೆಡ್ಡಿನಲ್ಲಿ ಇದ್ದಾಳೆ. ಮಾವನ ಒಳ್ಳೆತನಕ್ಕೂ ಒಂದು ಮಿತಿ ಐತಿ, ಬೇಗ ಒಂದು ಮನೆ ಹುಡುಕಬೇಕು.

‘ಮುಧೋಳ ನಾಯಿಗೆ ಮನೆ ಬೇಕಾಗಿದೆ’ ಎಂದು ಫೋಟೊ ಸಮೇತ ಸ್ಟೇಟಸ್ ಹಾಕಿದ ದಿನವೇ ಫೋನು ಶುರು. ನಮ್ಮ ಗೆಳೆಯರಿಗೆಲ್ಲ ಖುಷಿಯೋ ಖುಷಿ. ಆದರೆ ಮಾತು ಕೇಳಿ ನೋಡಿ. ‘ಮೊಲ ಹಿಡಿತೈತೇನ್ ತಮ್ಮಾ?’ ಇದು ಮೊದಲನೇ ಫೋನು. ‘ಇನ್ನೂ ಎಷ್ಟು ಸಲ ಮರಿ ಹಾಕಬಹುದು?’ ಇದು ಎರಡನೇದು. ಮೂರನೆಯವರು ಹೊಲದ ಪಂಪ್‌ಸೆಟ್ ಹತ್ತಿರ ಕಟ್ಟಿ ಹಾಕಾಕ ಬೇಕು ಅಂದರು. ಗಾಯ ಹೆಂಗೈತಿ ಎಂದು ಒಬ್ಬರೂ ಕೇಳಲಿಲ್ಲ. ಯಾರಾದರೂ ಒಬ್ಬರಿಗೆ ಕೊಟ್ಟು ಕೈ ತೊಳ್ಕೊಳ್ರಿ ಎಂದು ಮನೆಯವರೆಲ್ಲ ಹೇಳ್ತಿದ್ದಾರೆ. ನಾವು ಅದಕ್ಕೆ ಒಪ್ಪೋದಿಲ್ಲ. ಸಿಕ್ಕವರಿಗೆ ಕೊಟ್ಟುಬಿಡೋದು ಅಂದ್ರೆ ಇನ್ನೊಂದು ಸಲ ರಸ್ತೆ ಪಕ್ಕ ಬಿಟ್ಟು ಬಂದ ಹಾಗೇ.

‘ಗ್ರೇಹೌಂಡ್ ಕೊಡ್ತಾರಂತೆ’ ಎಂದೂ ಸುದ್ದಿ ಹಬ್ಬಿತ್ತು. ನಮ್ಮ ಗಡಿಯಲ್ಲಿ ತೆಲುಗು ಸಿನಿಮಾ ನೋಡಿದವರಿಗೆ ಗ್ರೇಹೌಂಡ್ ಅಂದ್ರೆ ಪೊಲೀಸ್ ಪಡೆ, ಅದು ಬೇರೆ ಮಾತು. ಮುಧೋಳ ನಾಯಿ ಗ್ರೇಹೌಂಡ್ ಅಲ್ಲ, ಆದರೆ ಅದೇ ಗುಂಪಿನದು. ಮೂಸಿ ನೋಡಿ ಅಲ್ಲ, ಕಣ್ಣಿಂದ ನೋಡಿ ಬೆನ್ನಟ್ಟುವ ನಾಯಿ. ಉದ್ದ ಮೂತಿ, ಆಳವಾದ ಎದೆ, ಸಣ್ಣ ಸೊಂಟ. ಲಿಂಗಸುಗೂರಿನಿಂದ ಮುದಗಲ್, ಹುನಗುಂದ, ಬಾಗಲಕೋಟೆ ದಾಟಿದರೆ ಮುಧೋಳ. ಅಲ್ಲಿನ ಘೋರ್ಪಡೆ ಅರಸರು ಈ ತಳಿಯನ್ನು ಬೆಳೆಸಿದರು, ಅದರಲ್ಲಿ ಮಾಲೋಜಿರಾವ್ ಘೋರ್ಪಡೆಯವರ ಹೆಸರು ಮುಖ್ಯ. 2005ರ ಜನವರಿಯಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಸ್ಟ್ಯಾಂಪ್ ತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಮರಿಗಳು ಸೇನೆಯ ತರಬೇತಿಗೆ ಮೀರತ್‌ಗೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಹೆಸರು ಹೇಳಿದರು. ಇಷ್ಟೆಲ್ಲ ಹೆಮ್ಮೆ ಐತಿ. ಆದರೆ ಹೆಮ್ಮೆ ಮರಿಯ ಮೇಲೆ. ಸಾವಿರಾರು ರೂಪಾಯಿಗೆ ಮಾರಾಟವಾದ ಮರಿ ಬೆಳೆದು, ಕಾಲಿಗೆ ಪೆಟ್ಟಾಗಿ, ಓಡಲಾರದೆ ನಿಂತ ದಿನ ಆ ಹೆಮ್ಮೆ ಎಲ್ಲಿ ಹೋಗುತ್ತೆ?

ಸಾಕಿದ ಪ್ರಾಣಿಯನ್ನು ಹಸಿವು-ಬಾಯಾರಿಕೆಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಒಂದು ಪ್ಲೇಟ್ ಒಗ್ಗರಣಿ-ಮಿರ್ಚಿಯ ರೊಕ್ಕ.

ಮೊಲದ ವಿಷಯಕ್ಕೆ ಬರೋಣ. ಮೊಲ ಹಿಡಿಯೋದು ನಮ್ಮ ಕಡೆ ಶೌಕು, ಕೆಲವು ಕಡೆ ಹಬ್ಬ. 2025ರ ಯುಗಾದಿ ಹೊತ್ತಿಗೆ ತುರ್ವಿಹಾಳದಲ್ಲಿ ಬೇಟೆಯಾಡಿದ ಮೊಲಗಳನ್ನು ಮೆರವಣಿಗೆ ಮಾಡಿದ ವಿಡಿಯೊ ರಾಜ್ಯವೆಲ್ಲ ಹರಿದಾಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಮೊಲದ ಬೇಟೆ ಅಪರಾಧ. ನಾಯಿ ಹಿಡಿದರೂ ಬೇಟೆಯೇ. ‘ಅದರ ಗುಣಾನೇ ಅದು, ಓಡಾಕ ಬಿಡ್ರಿ’ ಅಂತಾರೆ. ಓಡಲಿ, ಬೇಡ ಅಂದವರು ಯಾರು? ಬೇಲಿ ಇರುವ ಹೊಲದಲ್ಲಿ ಚೆಂಡಿನ ಹಿಂದೆ ಓಡಲಿ. ಬೇಟೆಗೆ ಒಯ್ದವರು ಕಾಲು ಮುರಿದ ಮೇಲೆ ಮತ್ತೆ ಅದೇ ರಸ್ತೆಗೆ ತಂದು ಬಿಡ್ತಾರೆ ಅನ್ನೋದು ನಮ್ಮ ಭಯ. (ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಪತ್ತೆ ಹಚ್ಚಿದ್ದು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್, ನಮ್ಮವನೇ! ಅದೇ ಅಶೋಕ ಉತ್ತರದ ಸ್ತಂಭ ಶಾಸನವೊಂದರಲ್ಲಿ ಒಂದು ಜೀವಿಯನ್ನು ಇನ್ನೊಂದಕ್ಕೆ ತಿನ್ನಿಸಿ ಸಾಕಬಾರದು ಎಂಬ ಅರ್ಥದ ಮಾತು ಬರೆಸಿದ್ದಾನೆ.)

ಹಂಗಾದ್ರೆ ಬೆಂಗಳೂರಿನ ಫ್ಲಾಟ್‌ಗೆ ಕೊಡೋಣವೇ? ಇಲ್ಲಿ ನಮ್ಮ ಆರು ಜನರಲ್ಲೇ ಜಗಳ. ಮೂವರು ಫ್ಲಾಟ್ ಬೇಡವೇ ಬೇಡ ಅಂದರು. ಓದಿ ನೋಡಿದರೆ ವಿಷಯ ಸ್ವಲ್ಪ ಬೇರೆ. ಈ ಜಾತಿಯ ನಾಯಿಗಳು ಒಂದು ಜೋರು ಓಟ ಓಡಿ ಬಂದು ಗಂಟೆಗಟ್ಟಲೆ ಮಲಗುತ್ತವೆ. ಅಮೆರಿಕದ ಫ್ಲೋರಿಡಾದಲ್ಲಿ 2018ರಲ್ಲಿ ಜನ ವೋಟು ಹಾಕಿ ಗ್ರೇಹೌಂಡ್ ರೇಸ್ ನಿಲ್ಲಿಸಿದರು. ರೇಸ್ ಮುಗಿಸಿದ ಎಷ್ಟೋ ನಾಯಿಗಳು ಅಲ್ಲಿ ಮನೆಗಳ ಸೋಫಾ ಮೇಲೆ ಬಿದ್ದುಕೊಂಡಿವೆ. ಅಂದರೆ ಜಾಗ ಚಿಕ್ಕದು ಅನ್ನೋದಷ್ಟೇ ಕಾರಣ ಆಗಬಾರದು. ಚಿಕ್ಕ ಮನೆ ಆದರೂ ದಿನಾ ಎರಡು ಹೊತ್ತು ಹಗ್ಗ ಹಿಡಿದು ಹೊರಗೆ ಕರೆದೊಯ್ಯುವವರು ಇದ್ದರೆ ಸಾಕು. ಹತ್ತು ಎಕರೆ ಹೊಲ ಇದ್ದು ಮೂರು ಮೊಳದ ಸರಪಳಿಗೆ ಕಟ್ಟಿದರೆ ಅದು ಮನೆಯಲ್ಲ. ಹಗ್ಗ ಮಾತ್ರ ಬೇಕೇ ಬೇಕು. ದೂರದಲ್ಲಿ ಏನೋ ಅಲುಗಾಡಿತು ಅಂದ್ರೆ ಓಟ ಕಿತ್ತಿತು, ಆಮೇಲೆ ಎಷ್ಟು ಕೂಗಿದರೂ ಕಿವಿಗೆ ಬೀಳಲ್ಲ.

ಸುಮ್ಮನೆ ಬಿಟ್ಟುಬಿಡ್ರಿ, ಬದುಕಿಕೊಳ್ತದೆ ಅನ್ನುವವರಿಗೆ ಒಂದು ಮಾತು. ಭತ್ತದ ಕೊಯ್ಲಾದ ಮೇಲೆ ಸಿಂಧನೂರು ಕಡೆ ಗದ್ದೆಗಳಲ್ಲಿ ಕುರಿ ಹಿಂಡುಗಳು ಬಂದು ಇಳಿಯುತ್ತವೆ. ಹಸಿದ ಕೆಂಪಿ ಒಂದು ಮರಿಯ ಬೆನ್ನು ಹತ್ತಿದರೆ ಕುರಿಗಾರರ ಕೈಲಿ ಬಡಿಗೆ ಇರುತ್ತೆ. ಅವರದು ತಪ್ಪು ಅನ್ನೋಕೂ ಆಗಲ್ಲ, ಅವರ ಹೊಟ್ಟೆಪಾಡು ಅದು. ಕ್ಯಾಂಪಸ್ಸಿಗೇ ತನ್ನಿ ಅಂತ ಹಾಸ್ಟೆಲ್ ಗೆಳೆಯರು ಹೇಳಿದರು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಾಲೆ-ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ಬೀದಿ ನಾಯಿಗಳನ್ನು ತೆರವು ಮಾಡಲು ಹೇಳಿದ ಮೇಲೆ ಇಲ್ಲಿ ತಂದು ಬಿಡೋದೂ ಮನೆ ಆಗಲ್ಲ. ಅದೂ ಅಲ್ಲದೆ ನಾಲ್ಕು ವರ್ಷ ಮುಗಿಸಿ ನಾವು ಹೋಗಿಬಿಡ್ತೀವಿ.

ನ್ಯೂಜಿಲೆಂಡ್ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಗ್ರೇಹೌಂಡ್ ರೇಸ್ ನಿಲ್ಲಿಸುತ್ತೇವೆ ಎಂದಾಗ 20 ತಿಂಗಳ ಗಡುವು ಇಟ್ಟಿತು. ಸುಮಾರು 2,900 ನಾಯಿಗಳಿಗೆ ಮನೆ ಹುಡುಕೋಕೆ ಸಮಯ ಬೇಕು ಅನ್ನೋದೂ ಅದಕ್ಕೊಂದು ಕಾರಣ. ನಮಗೆ ಇರೋದು ಒಂದೇ ನಾಯಿ, ಅದನ್ನೂ ಎರಡು ದಿನದಲ್ಲಿ ಸಾಗಹಾಕು ಅಂತಾರೆ!

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಮೊದಲು ಆಪರೇಷನ್, ಆಮೇಲೆ ಮನೆ. ಮರಿ ಹಾಕಲ್ಲ ಅಂತ ಗೊತ್ತಾದರೆ ಮರಿ ವ್ಯಾಪಾರದವರು ತಾವೇ ಹಿಂದೆ ಸರೀತಾರೆ. ಈ ಜಾತಿಯ ಮೈಯಲ್ಲಿ ಕೊಬ್ಬು ಕಡಿಮೆ, ಕೆಲವು ಅರಿವಳಿಕೆ ಔಷಧಿಗಳ ಮಂಪರು ಗ್ರೇಹೌಂಡ್‌ಗಳಿಗೆ ಬೇಗ ಇಳಿಯೋದಿಲ್ಲ, ಡಾಕ್ಟರಿಗೆ ಇದನ್ನ ಮೊದಲೇ ನೆನಪಿಸಬೇಕು. ರೇಬಿಸ್ ಚುಚ್ಚುಮದ್ದು ಹಾಕಿಸಿದ ಕಾರ್ಡ್ ಕೈಲಿರಬೇಕು. ಕೇಳಿ ಬಂದವರ ಮನೆಗೆ ನಾವೇ ಹೋಗಿ ನೋಡಬೇಕು. ಬೆಕ್ಕು, ಕೋಳಿ ಸಾಕಿದ್ದಾರಾ, ಗೇಟು ಹಾಕ್ತಾರಾ, ಮನೆಯ ಅಮ್ಮ-ಅಜ್ಜಿಗೆ ಒಪ್ಪಿಗೆ ಐತಾ? ಸಾಕಲು ಆಗದೇ ಹೋದರೆ ನಮಗೇ ವಾಪಸ್ ಕೊಡ್ತೀವಿ ಎಂದು ಒಂದು ಹಾಳೆಯಲ್ಲಿ ಬರೆಸಿಕೊಳ್ಳಬೇಕು. ಕೋರ್ಟಿಗೆ ಹೋಗೋಕಲ್ಲ, ಬರೆಯುವಾಗ ಕೈ ಒಂದು ಕ್ಷಣ ನಿಲ್ಲುತ್ತಲ್ಲ, ಅದಕ್ಕೆ.

ಲಿಂಗಸುಗೂರು ಹತ್ತಿರದ ತೋಟದ ಮನೆಯ ಗಂಡ-ಹೆಂಡತಿ ಕಳೆದ ವಾರ ಬಂದು ನೋಡಿ ಹೋದರು. ಆ ಅಕ್ಕ ಕೇಳಿದ ಮೊದಲ ಪ್ರಶ್ನೆ, ‘ರಾತ್ರಿ ಒಳಗ ಮಲಗ್ತೈತೇನ್ರಿ?’ ಆಪರೇಷನ್ ಮುಂದಿನ ಶನಿವಾರ. ಹೊಲಿಗೆ ಬಿಚ್ಚಿದ ಮೇಲೆ ಹದಿನೈದು ದಿನ ಅವರ ಮನೆಯಲ್ಲಿ ಇರಿಸಿ ನೋಡೋದು ಅಂತ ಮಾತಾಗಿದೆ. ಹೊಂದಲಿಲ್ಲ ಅಂದ್ರೆ ಕೆಂಪಿ ಮತ್ತೆ ಗಿರಣಿಗೆ. ಅಲ್ಲಿವರೆಗೆ ಅನ್ನ-ಮೊಟ್ಟೆ-ಔಷಧಿ ಖರ್ಚು ನಮ್ಮ ಆರು ಜನದ್ದು. ಏಳನೆಯವರು ಸೇರಿದರೆ ಬೇಡ ಅನ್ನಲ್ಲ.