ಬಿತ್ತುವವನನ್ನು ಕೇಳದ ಬೀಜ

ಮೆಕ್ಕೆಜೋಳದ ಸಾಲುಗಳ ನಡುವೆಯೋ ತೊಗರಿಯ ಮರೆಯಲ್ಲಿಯೋ ಹತ್ತಿಪ್ಪತ್ತು ಗಾಂಜಾ ಗಿಡಗಳನ್ನು ಬೆಳೆಸಿದ್ದ ರೈತನೊಬ್ಬನನ್ನು ಅಬಕಾರಿಯವರು ಹಿಡಿದು, ಕಿತ್ತ ಗಿಡಗಳ ರಾಶಿಯ ಹಿಂದೆ ನಿಲ್ಲಿಸಿ ಚಿತ್ರ ತೆಗೆಯಿಸಿದ ವಾರ್ತೆ ಕನ್ನಡ ಪತ್ರಿಕೆಗಳ ಜಿಲ್ಲಾ ಪುಟಗಳನ್ನು ಓದುವವರಿಗೆ ಅಪರಿಚಿತವಲ್ಲ. ಆ ಗಿಡವನ್ನು ಬೆಳೆಸಿದವನಿಗೆ 1985ರ ಮಾದಕ ದ್ರವ್ಯಗಳ ಕಾಯಿದೆಯ 20ನೆಯ ಪ್ರಕರಣದಂತೆ ಹತ್ತು ವರ್ಷಗಳವರೆಗೆ ಕಠಿಣ ಕಾರಾವಾಸವನ್ನೂ ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನೂ ವಿಧಿಸಬಹುದು. ಇಷ್ಟು ದೊಡ್ಡ ಅಪಾಯವನ್ನು ಇಷ್ಟು ಸಣ್ಣ ಹೊಲದಲ್ಲಿ ಬಿತ್ತುವ ಮನಸ್ಸು ಒಬ್ಬ ಒಕ್ಕಲುಮಗನಿಗೆ ಹೇಗೆ ಬಂದಿತೆಂದು ವಿಚಾರಿಸುವ ವ್ಯವಧಾನ ಮಾತ್ರ ವಾರ್ತೆಗೂ ಇರುವುದಿಲ್ಲ, ಓದುವ ನಮಗೂ ಇರುವುದಿಲ್ಲ. ಆ ಕೃತ್ಯವನ್ನು ನಾನು ಸಮರ್ಥಿಸುವವನಲ್ಲ. ಕಾನೂನು ಮುರಿದವನು ಕಾನೂನಿಗೆ ಉತ್ತರ ಹೇಳಲೇಬೇಕು.

ಆದರೆ ಇದೇ ಗಿಡದ ಕೃಷಿಗೆ ಕಾನೂನಿನ ಅನುಮತಿಯುಳ್ಳ ದೇಶಗಳಲ್ಲಿ ನಡೆಯುವ ಒಂದು ಪದ್ಧತಿಯನ್ನು ತಿಳಿದಾಗ ನನಗೆ ವಿಸ್ಮಯವೂ ಅದರ ಬೆನ್ನಿಗೇ ಒಂದು ಬಗೆಯ ಲಜ್ಜೆಯೂ ಉಂಟಾಯಿತು. ಕೆನಡಾ ದೇಶವು 2018ರ ಅಕ್ಟೋಬರಿನಿಂದ ತನ್ನ ಹೆಚ್ಚಿನ ಪ್ರಾಂತಗಳಲ್ಲಿ ಮನೆಯೊಂದಕ್ಕೆ ನಾಲ್ಕು ಗಿಡಗಳನ್ನೂ, ಜರ್ಮನಿಯು 2024ರ ಏಪ್ರಿಲಿನಿಂದ ವಯಸ್ಕನೊಬ್ಬನಿಗೆ ಮೂರು ಗಿಡಗಳನ್ನೂ ಬೆಳೆಯಗೊಟ್ಟಿವೆ. ಅಲ್ಲಿನ ಬೀಜದ ವರ್ತಕನು ಕೊಳ್ಳಬಂದವನನ್ನು ಮೊದಲು ಪ್ರಶ್ನಿಸುತ್ತಾನೆ: ನೀನು ಹೊಸಬನೋ ಪಳಗಿದವನೋ? ಬೆಳೆಯುವ ಸ್ಥಳವೆಷ್ಟು? ನಿಂಬೆಯ ಪರಿಮಳ ಹಿತವೋ, ದೇವದಾರುವಿನ ಗಂಧವೋ? ಹೊಸಬನಿಗೆ ಬೇಗ ಹೂವಾಗುವ, ಬೆಳೆಸುವವನ ತಪ್ಪುಗಳನ್ನು ತಾಳಿಕೊಳ್ಳುವ ಒರಟು ತಳಿಯನ್ನೂ, ಕೈ ಪಳಗಿದವನಿಗೆ ನಾಜೂಕಾದುದನ್ನೂ ಆತನು ಆರಿಸಿಕೊಡುತ್ತಾನೆ. ವಿನೋದಕ್ಕಾಗಿ ಮೂರು ಕುಂಡಗಳಲ್ಲಿ ಗಿಡ ಬೆಳೆಸುವವನಿಗೆ ದೊರೆಯುವ ಈ ಮರ್ಯಾದೆ, ಉದರಭರಣಕ್ಕಾಗಿ ಮೂರೆಕರೆ ಬಿತ್ತುವ ನಮ್ಮ ಕೂಡ್ಲಿಗಿಯ ರೈತನಿಗೆ ಯಾವ ಅಂಗಡಿಯಲ್ಲಿ ದೊರೆಯುತ್ತದೆ? ನನಗೆ ಆ ಗಿಡದಲ್ಲಿ ಆಸಕ್ತಿಯಿಲ್ಲ. ಆ ವರ್ತಕನು ಕೇಳುವ ಪ್ರಶ್ನೆಯಲ್ಲಿ ಉಂಟು.

ಆ ಕೂಡ್ಲಿಗಿ, ಅದರ ಸೀಮೆಯ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು 2021ರಲ್ಲಿ ವಿಜಯನಗರವೆಂಬ ಹೊಸ ಜಿಲ್ಲೆಗೆ ಸೇರಿದವು. ಅವುಗಳಲ್ಲಿ ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಮೂರು ವರ್ಷ ತುಂಬುವಷ್ಟರಲ್ಲಿ ಮತ್ತೊಂದು ಜಿಲ್ಲೆಯ ಹೆಸರು ಹೊತ್ತಿತು. ಕಛೇರಿಯ ಫಲಕಗಳು ಬದಲಾದುವಲ್ಲದೆ ಮಣ್ಣೇನೂ ಬದಲಾಗಲಿಲ್ಲ. ಹೊಳೆದಂಡೆಯ ಕಡೆಗೆ ಎರೆ, ಕೂಡ್ಲಿಗಿ ಕೊಟ್ಟೂರುಗಳ ಕಡೆಗೆ ಮಸಾರಿ, ಒಂದೇ ಊರಿನ ಎರಡು ದಿಕ್ಕಿಗೆ ಎರಡು ಬಗೆಯ ನೆಲ, ಒಂದು ಹೊಲಕ್ಕೆ ಬಿದ್ದು ಪಕ್ಕದ ಹೊಲವನ್ನು ಮರೆತುಹೋಗುವ ಮಳೆ. ಇಂತಹ ಸೀಮೆಯಲ್ಲಿ ಎಲ್ಲರಿಗೂ ಒಂದೇ ಬೀಜವೆಂಬುದು ಎಲ್ಲರ ಕಾಲಿಗೂ ಒಂದೇ ಅಳತೆಯ ಕೆರವೆಂದಂತೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವು ಒಂದೇ ಒಂದು ವಾಕ್ಯವಾದರೂ, ಕೇಳಿದ ರೈತರು ತಂತಮ್ಮ ಹೊಲಕ್ಕೆ ತಕ್ಕಂತೆ ಅದನ್ನು ಅರ್ಥೈಸಿಕೊಂಡು ಮನೆಗೆ ಮರಳುತ್ತಾರೆ. ಕೃಷಿ ಇಲಾಖೆಯ ವಾಕ್ಯಕ್ಕೆ ಆ ಸೌಲಭ್ಯವಿಲ್ಲ.

ಹಿಂದೆ ತಳಿಯ ಆಯ್ಕೆ ಅಂಗಡಿಯಲ್ಲಿ ನಡೆಯುತ್ತಿರಲಿಲ್ಲ, ಕಣದಲ್ಲಿ ನಡೆಯುತ್ತಿತ್ತು. ರಾಶಿ ಮಾಡುವುದಕ್ಕೆ ಮುನ್ನ ಮನೆಯ ಹಿರಿಯಳು ತೆನೆಗಳ ನಡುವೆ ಕುಳಿತು, ದಪ್ಪ ತೆನೆಯನ್ನೆಲ್ಲ ಒಂದೇ ಗುಣದ್ದೆಂದು ಬಗೆಯದೆ, ಕಾಳನ್ನು ಹಲ್ಲಿಗಿಟ್ಟು ಕಡಿದು, ದಂಟನ್ನು ಮುರಿದು ಅದರ ಸಿಹಿಯನ್ನು ನೋಡಿ, ಬೀಜಕ್ಕೆಂದು ಎತ್ತಿಟ್ಟದ್ದು ಬೂದಿ ಬೆರೆತು ಗಡಿಗೆಯನ್ನು ಸೇರುತ್ತಿತ್ತು. ರೊಟ್ಟಿಗೆ ಬಿಳಿಜೋಳ, ನಾಗರಪಂಚಮಿಯ ಅರಳಿಗೆ ಅರಳುಜೋಳ, ಹಾಲುಗಾಳಿನ ಹೊತ್ತಿಗೆ ಸುಟ್ಟು ತಿನ್ನಲು ಸೀತನಿಯ ಜೋಳ, ಕಡುಬಿಗೆ ಬೇರೆಯದೇ ಒಂದು. ನಾಲಗೆಯ ಪ್ರತಿಯೊಂದು ಬಯಕೆಗೂ ಹೊಲದಲ್ಲಿ ಒಂದು ಸಾಲು ಮೀಸಲಾಗಿತ್ತು. ಅಭಿರುಚಿಯು ಪಟ್ಟಣಿಗರ ವಿಲಾಸವೆಂದು ತಿಳಿದವರು ಈ ಸಾಲುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ವಿಜ್ಞಾನವು ಈ ವಿವೇಕಕ್ಕೆ ಮೊದಲಿನಿಂದಲೂ ವಿರೋಧಿಯಾಗಿರಲಿಲ್ಲವೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಇಂದಿಗೂ ಹಿಂಗಾರಿನ ಎರೆಹೊಲದಲ್ಲಿ ರೈತನು ನಂಬಿರುವ ಎಂ 35-1 ಜೋಳವು ಸೊಲ್ಲಾಪುರ ಸೀಮೆಯ ಮೊಹೋಳದಲ್ಲಿ, ರೈತರದೇ ಆದ ಮಾಲ್ದಂಡಿ ಜೋಳದಿಂದ ಆರಿಸಿ ತೆಗೆದುದು. ರೊಟ್ಟಿಯ ರುಚಿಯನ್ನೂ ದನದ ಮೇವನ್ನೂ ಅದು ಕೆಡಿಸಲಿಲ್ಲವಾದುದರಿಂದಲೇ ಇಷ್ಟು ಕಾಲ ಬಾಳಿತು. ಮದ್ರಾಸು ಪ್ರಾಂತದ ತಿಂಡಿವನದಿಂದ 1940ರಲ್ಲಿ ಹೊರಬಂದ ಟಿ.ಎಂ.ವಿ.-2 ಶೇಂಗಾ ಮಸಾರಿ ಹೊಲಗಳಲ್ಲಿ ಇನ್ನೂ ಉಳಿದಿರುವುದಕ್ಕೂ ಇಂತಹುದೇ ಕಾರಣವುಂಟು: ಸುಮಾರು ಮೂರೂವರೆ ತಿಂಗಳಿಗೆ ಕೈಗೆ ಬರುತ್ತದೆ, ಬೀಜವನ್ನು ಮನೆಯಲ್ಲಿಯೇ ಕಾದಿಡಬಹುದು. ಅದಕ್ಕಿಂತ ಹೆಚ್ಚು ಇಳುವರಿಯ ತಳಿಗಳು ಎಷ್ಟೋ ಬಂದುವು. ಆದರೂ ರೈತನು ಇದನ್ನು ಬಿಡಲಿಲ್ಲ. ಅಧಿಕಾರಿಗಳು ಇದನ್ನು ಹಠವೆಂದರು. ನಾನು ಇದನ್ನು ಅನುಭವವೆನ್ನುತ್ತೇನೆ.

ಭಾರತದ ಮೊದಲ ಸಂಕರ ಜೋಳವಾದ ಸಿ.ಎಸ್.ಎಚ್.-1, 1964ರಲ್ಲಿ ಬಂದಾಗ ಮಾತು ಬೇರೆಯಾಯಿತು. ರಾಶಿ ಬೆಳೆಯಿತು, ನಿಜ. ಆದರೆ ತೆನೆ ಬಲಿಯುವ ಹೊತ್ತಿನಲ್ಲಿ ಮಳೆ ಹಿಡಿದರೆ ಕಾಳು ಕಪ್ಪಾಗುತ್ತಿತ್ತು, ರೊಟ್ಟಿ ಮೊದಲಿನ ರೊಟ್ಟಿಯಾಗಲಿಲ್ಲ, ಎಲ್ಲಕ್ಕಿಂತ ಮಿಗಿಲಾಗಿ ಬೀಜದ ಗಡಿಗೆ ಬರಿದಾಯಿತು. ಸಂಕರ ಬೀಜವನ್ನು ವರ್ಷ ವರ್ಷವೂ ಕೊಳ್ಳಬೇಕು. ಕೊಳ್ಳುವವನು ಆರಿಸುವವನಾಗಿ ಉಳಿಯುವುದಿಲ್ಲ. ಅನಂತರ ಹರಪನಹಳ್ಳಿ ಹಡಗಲಿಗಳ ಹೊಲಗಳನ್ನು ಮೆಕ್ಕೆಜೋಳವು ಆವರಿಸಿದ ಕಥೆಯನ್ನು ವಿಸ್ತರಿಸುವ ಅಗತ್ಯವಿಲ್ಲ. ಸೂಲಂಗಿ ಹಾಯುವ ಹೊತ್ತಿಗೆ ಎರಡು ವಾರ ಮಳೆ ತಪ್ಪಿದರೆ ಆ ಬೆಳೆಯ ಗತಿಯೇನೆಂಬುದನ್ನೂ, 2018ರಲ್ಲಿ ಕರ್ನಾಟಕದಲ್ಲಿ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಸುಳಿಯನ್ನು ಹೇಗೆ ತಿನ್ನುತ್ತದೆಂಬುದನ್ನೂ ಅಲ್ಲಿನವರು ನನಗಿಂತ ಚೆನ್ನಾಗಿ ಬಲ್ಲರು. ಈ ಬೆಳೆಯಲ್ಲಿ ಸೋತು ಸಾಲಕ್ಕೆ ಬಿದ್ದವನ ಬಳಿಗೇ ಗಾಂಜಾ ಬೀಜವನ್ನು ಮಡಿಲಲ್ಲಿಟ್ಟುಕೊಂಡ ದಲಾಲಿಯು ಬರುವುದು. ಆತನೂ ಬಿತ್ತುವವನನ್ನು ಏನೊಂದೂ ಕೇಳುವುದಿಲ್ಲ.

ಇತ್ತೀಚೆಗೆ ಮತ್ತೊಂದು ಮಾತು ಕೇಳಿಬರುತ್ತಿದೆ. ಉತ್ತರಾಖಂಡವು 2018ರಿಂದ ನಾರು ಮತ್ತು ಬೀಜಕ್ಕಾಗಿ ಗಾಂಜಾ ಸಸ್ಯವನ್ನು ಬೆಳೆಯಲು ಪರವಾನಗಿ ಕೊಡುತ್ತಿದೆ. ಬರದ ಸೀಮೆಗಳಿಗೂ ಇದೇಕೆ ಬರಬಾರದು ಎಂಬುದು ಆ ಮಾತು. 1985ರ ಕಾಯಿದೆಯೇ ಇದಕ್ಕೊಂದು ಬಾಗಿಲನ್ನು ತೆರೆದಿಟ್ಟಿರುವುದರಿಂದ ಪ್ರಶ್ನೆ ಅಸಂಬದ್ಧವಲ್ಲ. ಆದರೆ ಅಲ್ಲಿನ ಕಟ್ಟಳೆಯಂತೆ ಗಿಡದಲ್ಲಿ ಅಮಲಿನ ಅಂಶ ನೂರಕ್ಕೆ 0.3ನ್ನು ಮೀರಕೂಡದು. ಸಸ್ಯವೋ ಗಂಡು ಹೆಣ್ಣು ಬೇರೆ ಬೇರೆಯಾಗಿ ಗಾಳಿಯಿಂದ ಪರಾಗ ಪಡೆಯುವಂಥದು. ಎಲ್ಲಿಯೋ ಕದ್ದು ಬೆಳೆದ ಗಿಡದ ಪರಾಗವು ಗಾಳಿಯಲ್ಲಿ ಬಂದು ಬೆರೆತರೆ, ಆ ಬೀಜವನ್ನು ಕಾದಿಟ್ಟು ಬಿತ್ತಿದ ನಿರಪರಾಧಿಯೂ ಮರುವರ್ಷ ಅಪರಾಧಿಯಾಗಬಹುದು. ಪ್ರಯೋಗಶಾಲೆಯಿಲ್ಲದೆ, ಪ್ರಮಾಣಿತ ಬೀಜವಿಲ್ಲದೆ, ಈ ಕೃಷಿಯ ಗಂಧವೇ ಇಲ್ಲದವನ ಕೈಗೆ ಇದನ್ನು ಒಪ್ಪಿಸುವುದು ನನಗೆ ಸರ್ವಥಾ ಸಮ್ಮತವಲ್ಲ. ನಾರೇ ಬೇಕಾದರೆ ನಮ್ಮ ಅಕ್ಕಡಿಸಾಲಿನ ಪುಂಡಿಯಿಲ್ಲವೆ? ಸಸ್ಯವಿಜ್ಞಾನಿ ಲಿನೇಯಸನು ಅದರ ಎಲೆಯಲ್ಲಿ ಗಾಂಜಾದ ಎಲೆಯ ಹೋಲಿಕೆ ಕಂಡು ಹಿಬಿಸ್ಕಸ್ ಕ್ಯಾನಾಬಿನಸ್ ಎಂದು ಹೆಸರಿಟ್ಟನು. ವರ್ತಕರು ಡೆಕ್ಕನ್ ಹೆಂಪ್ ಎಂದರು. ನಮ್ಮ ಹೆಂಗಸರು ಎಳೆಯ ಸೊಪ್ಪಿನಿಂದ ಹುಳಿಪಲ್ಯ ಮಾಡಿ, ಬಲಿತ ದಂಟನ್ನು ನೀರಿನಲ್ಲಿ ಕೊಳೆಹಾಕಿ ಹಗ್ಗಕ್ಕೆ ನಾರು ತೆಗೆದರು. ಪಲ್ಯಕ್ಕಾಗುವ ಪುಂಡಿ ಯಾವುದು, ನಾರಿಗೆ ಒದಗುವುದು ಯಾವುದು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಲ್ಲಿಗೆಯ ಮಾತೂ ಇದೇ. ಹಡಗಲಿಯ ಮಲ್ಲಿಗೆಗೆ ಮೈಸೂರು, ಉಡುಪಿಗಳ ಮಲ್ಲಿಗೆಯೊಡನೆ ಭೌಗೋಳಿಕ ಸೂಚಿಯ ಗೌರವ ದೊರೆತಿದೆಯಷ್ಟೆ. ಅದನ್ನು ಉಳಿಸಿದವರು ಬೆಳಕು ಹರಿಯುವ ಮುನ್ನ ಮೊಗ್ಗು ಬಿಡಿಸುವ ಕೈಗಳುಳ್ಳವರು; ಯಾವ ಬಳ್ಳಿಯ ಕಡ್ಡಿಯನ್ನು ನೆಟ್ಟರೆ ಮನೆತನದ ಪರಿಮಳ ಉಳಿಯುವುದೆಂದು ಬಲ್ಲವರು.

ಮುಂದಿನ ಮುಂಗಾರಿಗೆ ಮೊದಲು ಈ ಐದು ತಾಲ್ಲೂಕುಗಳ ರೈತ ಸಂಪರ್ಕ ಕೇಂದ್ರಗಳಲ್ಲಿ ಬೀಜದ ಚೀಲಕ್ಕೆ ರಸೀದಿ ಹರಿಯುವವರಲ್ಲಿ ನನ್ನದೊಂದು ಬಿನ್ನಹ: ಎದುರಿಗೆ ನಿಂತವನ ಪಹಣಿಯ ಸಂಖ್ಯೆಯನ್ನು ಬರೆದುಕೊಳ್ಳುವ ಮುನ್ನ, ನಿನ್ನ ಹೊಲ ಎರೆಯೋ ಮಸಾರಿಯೋ, ಈ ಬೆಳೆಯನ್ನು ಎಷ್ಟು ವರ್ಷ ಬೆಳೆದಿದ್ದೀ, ಮನೆಯಲ್ಲಿ ಉಣ್ಣುವುದೇನು ಎಂದು ಕೇಳಿರಿ. ಕೇಳುವವರಿಲ್ಲವಾದರೆ, ರೈತ ಬಾಂಧವರೇ, ನೀವೇ ಮುಂದಾಗಿ ಹೇಳಿರಿ. ಹೇಳಿದುದಕ್ಕೆ ತಕ್ಕ ಬೀಜ ಅಲ್ಲಿ ಇಲ್ಲದಿದ್ದರೆ ಬರಿಗೈಯಲ್ಲಿ ಹಿಂದಿರುಗಿ, ನೆರೆಮನೆಯ ಗಡಿಗೆಯಲ್ಲಿ ಏನು ಉಳಿದಿದೆಯೆಂದು ವಿಚಾರಿಸಿರಿ.