ಕಟ್ಟಿದ ಭವನ, ಮುಚ್ಚಿದ ಬಾಗಿಲು

ನಮ್ಮೂರಿನ ಅಕ್ಕನ ಬಳಗದ ತಾಯಂದಿರು ಪ್ರತಿ ಹುಣ್ಣಿಮೆಯಂದು ಒಂದೆಡೆ ಸೇರುವುದು ವಾಡಿಕೆ. ಕೆಲಹೊತ್ತು ವಚನ ಚಿಂತನೆ. ಬಳಿಕ ಉಳಿತಾಯದ ಲೆಕ್ಕ, ಮಕ್ಕಳ ಶಾಲೆ, ಆರೋಗ್ಯದ ಮಾತು. ಯಾರದೋ ಮನೆಯ ಪಡಸಾಲೆಯೇ ಅವರ ಸಭಾಸ್ಥಾನ. ಮಳೆ ಬಂದರೆ ತಡವಾಗಿ ಬಂದವರಿಗೆ ಹೊಸ್ತಿಲೇ ಗತಿ. ಕೂಗಳತೆಯ ದೂರದಲ್ಲಿ ಸಾರ್ವಜನಿಕರ ಹಣದಿಂದ ಕಟ್ಟಿದ ಸಮುದಾಯ ಭವನವಿದೆ. ಅದನ್ನು ಕೇಳಹೋದರೆ, ಎರಡು ದಿನಗಳ ಮದುವೆಗೆ ಎಷ್ಟೋ ಎರಡು ತಾಸಿನ ಸಭೆಗೂ ಅಷ್ಟೇ ಬಾಡಿಗೆ! ಬಳಗದ ಪೆಟ್ಟಿಗೆಯಲ್ಲಿ ಅಷ್ಟು ಹಣವೆಲ್ಲಿಂದ ಬರಬೇಕು?

ಇದಕ್ಕೆ ಮೂಲಕಾರಣವನ್ನು ತಿಳಿಯುವುದು ಲೇಸು. ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆ 1993ರ ಡಿಸೆಂಬರಿನಲ್ಲಿ ಆರಂಭವಾಯಿತು. 2011-12ರಲ್ಲಿ ಅದರ ಮೊತ್ತವನ್ನು ಪ್ರತಿ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿಗೆ ಏರಿಸಲಾಯಿತು. ಬಹುಕಾಲ ಬಾಳುವ ಸಾರ್ವಜನಿಕ ಆಸ್ತಿಯನ್ನು ನಿರ್ಮಿಸುವುದು ಅದರ ಉದ್ದೇಶ. ತಿಂಗಳು ತಿಂಗಳು ಬರುವ ಖರ್ಚಿಗೆ ಅದರಲ್ಲಿ ಅವಕಾಶವಿಲ್ಲ. ಗೋಡೆಗೆ ಹಣವುಂಟು, ದೀಪಕ್ಕಿಲ್ಲ. ಹೆಸರು ಕೆತ್ತಿದ ಕಲ್ಲಿಗೆ ಹಣವುಂಟು, ಕಸ ಗುಡಿಸುವವರ ಕೂಲಿಗಿಲ್ಲ. ಆ ಹೊರೆಯನ್ನು ಹೊತ್ತವರು ಬಾಡಿಗೆಯನ್ನು ಏರಿಸುತ್ತಾರೆ. ಅದನ್ನು ತೆರಲಾರದವರು ಹೊರಗುಳಿಯುತ್ತಾರೆ.

ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದು ಸೇರಿಸಿದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಕೊನೆಯದು ಸಮುದಾಯದ ಆಸ್ತಿಗಳ ನಿರ್ವಹಣೆ. ನಿರ್ವಹಣೆಯೆಂದರೆ ಸುಣ್ಣ ಬಳಿದು ಬೀಗ ಹಾಕುವುದಷ್ಟೇ ಅಲ್ಲ. ಜನರ ಉಪಯೋಗಕ್ಕೆ ತೆರೆದಿಡುವುದೂ ಹೌದು. ಆದುದರಿಂದ ಪಂಚಾಯಿತಿಗಳು ಎರಡು ಕೆಲಸ ಮಾಡಬೇಕು. ಮೊದಲನೆಯದಾಗಿ, ಸಣ್ಣ ಸಭೆಗಳಿಗೆ ತಾಸಿನ ಲೆಕ್ಕದಲ್ಲಿ ಕಡಿಮೆ ದರವನ್ನು ಗೊತ್ತುಪಡಿಸಬೇಕು. ಎರಡನೆಯದಾಗಿ, ಆಯವ್ಯಯದಲ್ಲಿ ಒಂದಿಷ್ಟು ಹಣವನ್ನು ಮೀಸಲಿರಿಸಿ, ಎಲ್ಲರಿಗೂ ತೆರೆದ ಮಹಿಳಾ ಸಂಘ, ರೈತಕೂಟ, ಯುವಕ ಮಂಡಳಿಗಳ ಸಭೆಯ ಬಾಡಿಗೆಯನ್ನು ತಾನೇ ಭರಿಸಬೇಕು. ಯಾರಿಗೆ, ಯಾವ ದಿನ, ಎಷ್ಟು ಎಂಬ ಲೆಕ್ಕ ಭವನದ ಬಾಗಿಲಲ್ಲೇ ಕಾಣುವಂತಿರಲಿ.

ಇಲ್ಲಿ ನಾವೊಂದು ವಿವೇಕವನ್ನು ಪಾಲಿಸಬೇಕು. ಯಾವುದೇ ಒಂದು ಧರ್ಮದ ಪೋಷಣೆಗೆಂದು ಮೀಸಲಿಟ್ಟ ತೆರಿಗೆಯನ್ನು ಕೊಡುವಂತೆ ಯಾರನ್ನೂ ಬಲಾತ್ಕರಿಸಕೂಡದೆಂದು ಸಂವಿಧಾನದ 27ನೆಯ ವಿಧಿ ಹೇಳುತ್ತದೆ. ನಮ್ಮ ವಚನ ಚಿಂತನೆಯ ಬಾಡಿಗೆಗೆ ಪಂಚಾಯಿತಿಯತ್ತ ಕೈಚಾಚುವುದು ಸಲ್ಲದು. ಅದು ನಮ್ಮ ದಾಸೋಹದಿಂದಲೇ ನಡೆಯಲಿ. ಅದೇ ತಾಯಂದಿರು ಊರಿನ ಎಲ್ಲ ಹೆಣ್ಣುಮಕ್ಕಳನ್ನು ಕರೆದು ಆರೋಗ್ಯ ಸಭೆ ನಡೆಸಿದಾಗ ನೆರವು ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಹಾಗೆಯೇ ನಮ್ಮ ಸಮಾಜದ ಕಲ್ಯಾಣ ಮಂಟಪಗಳನ್ನೂ ನೋಡಿಕೊಳ್ಳೋಣ. ಮದುವೆಯಿಲ್ಲದ ದಿನಗಳಲ್ಲಿ ಅವುಗಳಿಗೂ ಬೀಗವೇ ಅಲ್ಲವೇ? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭವ ಮಂಟಪವು ನಾನಾ ಕಾಯಕದವರನ್ನು, ಸ್ತ್ರೀಯರನ್ನೂ ಪುರುಷರನ್ನೂ ಒಟ್ಟಿಗೆ ಕೂರಿಸಿತು. ಆ ಪರಂಪರೆಯವರಾದ ನಾವು ಬಾಡಿಗೆಯಿಲ್ಲವೆಂದು ಬಡವರನ್ನು ಬಾಗಿಲಿನಿಂದ ಹಿಂದಿರುಗಿಸಬಹುದೇ?

ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚಿನ ಅಂತರವಿರಬಾರದೆಂದು ನಮ್ಮ ರಾಜ್ಯದ ಕಾನೂನು ವಿಧಿಸಿದೆ. ಮುಂದಿನ ಸಭೆಗೆ ತಾಯಂದಿರೂ ಹೋಗಲಿ; ಭವನದ ಬಾಡಿಗೆಯ ಮಾತನ್ನು ಮೊದಲು ಅವರೇ ಎತ್ತಲಿ.