ಅವ್ವನ ಮಂಡಿ ಆಪರೇಷನ್‌ಗೆ ಮುಂಚೆ

ಗುಂಡ್ಲುಪೇಟೆಯಲ್ಲಿರೋ ಅವ್ವನಿಗೆ ಮಂಡಿ ಕೀಲು ಬದಲಾಯಿಸಬೇಕಾ? ನೀವು ಬೆಂಗಳೂರಲ್ಲಿ ರಜೆ, ದುಡ್ಡು ಹೊಂದಿಸೋ ಮೊದಲು ಅವಳ ಮಾತ್ರೆ ಡಬ್ಬಿ, ಎಲೆಅಡಿಕೆ ಚೀಲ ಎರಡನ್ನೂ ನೋಡಿ. ಕೇಳಿದ್ರೆ 'ನಂಗೇನಾಗದೆ ಕನಪ್ಪಾ' ಅಂತಾಳೆ, ಅಷ್ಟಕ್ಕೇ ಬಿಡಬೇಡಿ.

ರಕ್ತ ತೆಳು ಮಾಡೋ ಮಾತ್ರೆ, ಶುಗರ್ ಮಾತ್ರೆ, ನಾಟಿ ಔಷಧಿ ಏನಿದ್ರೂ ಡಾಕ್ಟರಿಗೆ ತೋರಿಸಿ. ಅದು ಚಾಮರಾಜನಗರದ ಸಿಮ್ಸ್ ಆಗಲಿ, ಮೈಸೂರಿನ ಆಸ್ಪತ್ರೆಯಾಗಲಿ. ಯಾವುದನ್ನು ಯಾವಾಗ ನಿಲ್ಲಿಸಬೇಕು ಅಂತ ಅವರೇ ಹೇಳಲಿ.

ಹೊಗೆಸೊಪ್ಪನ್ನು ಮಾತ್ರ ಕನಿಷ್ಠ 4 ವಾರ ಮೊದಲೇ ಬಿಡಿಸಿ. ನಿಕೋಟಿನ್ ರಕ್ತನಾಳ ಕುಗ್ಗಿಸುತ್ತೆ, ಗಾಯ ಮಾಯೋದು ತಡವಾಗುತ್ತೆ. ಹುಳುಕು ಹಲ್ಲು, ಕಾಲಿನ ಹುಣ್ಣು, ಉರಿಮೂತ್ರ ಇದ್ರೆ ಅದನ್ನೂ ಹೇಳಿ. ಅಲ್ಲಿನ ಸೋಂಕು ಹೊಸ ಕೀಲಿಗೂ ತಗುಲಬಹುದು.

ಮನೇಲಿ ಕುಕ್ಕರಗಾಲಲ್ಲಿ ಕೂರೋ ಕಕ್ಕಸು ಮಾತ್ರ ಇದ್ರೆ, ಕಮೋಡ್ ಕುರ್ಚಿ ಈಗಲೇ ತಂದಿಡಿ. ಆಪರೇಷನ್ ಆದ್ಮೇಲೆ ಅವ್ವನಿಗೆ ದಿನಾ ಬೇಕಾಗೋದು ಅದೇ.